ಫೋಟೊ ಕಳಿಸಿ, ಕೆಡಿಸಬೇಡಿ: ಗುಣಮಟ್ಟ ಉಳಿಸಿಕೊಂಡು ಹಂಚುವ ಸಮಗ್ರ ಮಾರ್ಗದರ್ಶಿ

ಜನವರಿಯಲ್ಲೋ ಆಗಸ್ಟ್‌ನಲ್ಲೋ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ಶುರುವಾದರೆ ಸಾಕು, ಬೆಂಗಳೂರಿನ ಫ್ಯಾಮಿಲಿ ಗ್ರೂಪುಗಳಲ್ಲೆಲ್ಲ ಗಾಜಿನಮನೆಯದೇ ಫೋಟೊ. ತೆಗೆದವರ ಫೋನಿನಲ್ಲಿ ಎಸಳು ಎಣಿಸುವ ಹಾಗೆ ಕಾಣುವ ಗುಲಾಬಿ ನಮ್ಮ ಕೈಗೆ ಬರುವಷ್ಟರಲ್ಲಿ ಕೆಂಪು ಮುದ್ದೆಯಾಗಿರುತ್ತದೆ. ಕ್ಯಾಮೆರಾ ಚೆನ್ನಾಗೇ ಇತ್ತು. ಕೆಟ್ಟದ್ದು ದಾರಿಯಲ್ಲಿ.

ಇದನ್ನು ತಪ್ಪಿಸೋಕೆ ದುಡ್ಡು ಕೊಟ್ಟು ಯಾವ ಆ್ಯಪನ್ನೂ ಕೊಳ್ಳಬೇಕಿಲ್ಲ. ಒಂದು ಅಭ್ಯಾಸ ಬೇಕು, ಅಷ್ಟೆ. ನೋಡೋಕೆ ಕಳಿಸುವ ಪ್ರತಿ ಬೇರೆ, ಇಟ್ಟುಕೊಳ್ಳೋಕೆ ಕಳಿಸುವ ಪ್ರತಿ ಬೇರೆ. ಎರಡಕ್ಕೂ ಒಂದೇ ದಾರಿ ಹಿಡಿಯುವುದರಿಂದಲೇ ಮುಕ್ಕಾಲು ಪಾಲು ಫೋಟೊಗಳು ಹಾಳಾಗುತ್ತವೆ.

ಫೋಟೊ ಎಲ್ಲಿ ಸವೆಯುತ್ತದೆ

ಹಂತಗಳಿಗೆ ಹೋಗುವ ಮೊದಲು ಇದೊಂದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸಲೀಸು.

ನಾವು ಹಂಚುವ ಫೋಟೊಗಳಲ್ಲಿ ಬಹುಪಾಲು ಜೆಪೆಗ್ ಕಡತಗಳು. 1992ರಲ್ಲಿ ಬಂದ ಈ ವಿಧಾನ ಚಿತ್ರವನ್ನು 8×8 ಪಿಕ್ಸೆಲ್‌ಗಳ (ಚಿತ್ರ ಕಟ್ಟುವ ಪುಟ್ಟ ಚುಕ್ಕಿಗಳ) ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸಣ್ಣ ವಿವರಗಳನ್ನು ಬಿಸಾಡುತ್ತದೆ. ಹೀಗೆ ಬಿಸಾಡಿದ್ದು ವಾಪಸ್ ಬರುವುದಿಲ್ಲ. ಒಂದು ಸಲ ಆದರೆ ಪರವಾಗಿಲ್ಲ. ಆದರೆ ಅದೇ ಫೋಟೊವನ್ನು ತೆರೆದು, ಸ್ವಲ್ಪ ಕತ್ತರಿಸಿ, ಮತ್ತೆ ಸೇವ್ ಮಾಡಿ, ಇನ್ನೊಂದು ಆ್ಯಪ್‌ಗೆ ಏರಿಸಿದರೆ ಪ್ರತಿ ಸಲವೂ ಇನ್ನಷ್ಟು ಹೋಗುತ್ತದೆ. ಸುಮ್ನೆ ತೆರೆದು ನೋಡಿದರೆ, ಕಾಪಿ ಮಾಡಿದರೆ, ಪೆನ್‌ಡ್ರೈವಿಗೆ ಹಾಕಿದರೆ ಏನೂ ಆಗುವುದಿಲ್ಲ. ಮತ್ತೆ ಸೇವ್ ಆದಾಗ ಮಾತ್ರ ಸವೆತ.

ಬಣ್ಣದ ವಿಷಯ ಇನ್ನೂ ಸ್ವಾರಸ್ಯ. ನಮ್ಮ ಕಣ್ಣಿಗೆ ಬೆಳಕು-ನೆರಳಿನ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಬಣ್ಣದ ಸಣ್ಣ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ಅದಕ್ಕೇ ಹೆಚ್ಚಿನ ಆ್ಯಪ್‌ಗಳು ಬಣ್ಣದ ವಿವರವನ್ನು ಉದ್ದಕ್ಕೂ ಅಡ್ಡಕ್ಕೂ ಅರ್ಧರ್ಧ ಮಾಡುತ್ತವೆ. ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ. ಮರದ ಎಲೆ, ಮುಖ, ಕಟ್ಟಡಗಳಲ್ಲಿ ಇದು ಕಾಣುವುದಿಲ್ಲ. ಗಾಢ ಕೆಂಪಿನಲ್ಲಿ ಮಾತ್ರ ಎದ್ದು ಕಾಣುತ್ತದೆ, ಯಾಕೆಂದರೆ ಕೆಂಪು ಎಸಳಿನ ನವಿರಾದ ಗೆರೆಗಳೆಲ್ಲ ಹೆಚ್ಚಾಗಿ ಬಣ್ಣದಲ್ಲೇ ಇರುತ್ತವೆ. ಲಾಲ್‌ಬಾಗ್ ಗುಲಾಬಿ ಮುದ್ದೆಯಾಗುವ ಗುಟ್ಟು ಇದೇ. ನವೆಂಬರ್ 1ರಂದು ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಬರೆದು ಹಂಚುವ ರಾಜ್ಯೋತ್ಸವದ ಪೋಸ್ಟರುಗಳ ಅಂಚು ಕಲಸಿದಂತೆ ಕಾಣುವುದೂ ಇದರಿಂದಲೇ. ಪೋಸ್ಟರು, ಆಹ್ವಾನಪತ್ರಿಕೆ, ಸ್ಕ್ರೀನ್‌ಶಾಟ್‌ನಂಥ ಅಕ್ಷರ ಇರುವ ಚಿತ್ರಗಳನ್ನು ಪಿಎನ್‌ಜಿ ಆಗಿ ಸೇವ್ ಮಾಡಿ. ಅದರಲ್ಲಿ ಏನೂ ಬಿಸಾಡುವುದಿಲ್ಲ. ಆದರೆ ಫೋಟೊಗಳಿಗೆ ಪಿಎನ್‌ಜಿ ಬೇಡ, ಕಡತ ಸುಮ್ಮನೆ ಊದಿಕೊಳ್ಳುತ್ತದೆ.

ಸವೆತ ಬೇಗ ಕಾಣುವ ಇನ್ನೆರಡು ಜಾಗಗಳಿವೆ. ಒಂದು, ಸಂಜೆಯ ಆಕಾಶ. ದೀಪ ಹಚ್ಚಿದ ವಿಧಾನಸೌಧದ ಹಿಂದೆ ನೀಲಿಯಿಂದ ಕಪ್ಪಿಗೆ ನಿಧಾನವಾಗಿ ತಿರುಗುವ ಬಾನು ಮೆಟ್ಟಿಲು ಮೆಟ್ಟಿಲಾಗಿಬಿಡುತ್ತದೆ. ಇನ್ನೊಂದು, ರಾತ್ರಿಯ ಫೋಟೊ. ಚೈತ್ರದ ಹುಣ್ಣಿಮೆಯ ಕರಗದಲ್ಲಿ ತೆಗೆದ ಫೋಟೊಗಳಲ್ಲಿ ಕತ್ತಲೆಯಿಂದಾಗಿ ಮರಳಿನಂಥ ಕಾಳುಕಾಳು ಜಾಸ್ತಿ. ಜೆಪೆಗ್‌ಗೆ ಆ ಕಾಳೂ ವಿವರವೇ. ಅದನ್ನು ಹಿಡಿಯೋಕೆ ಹೋಗಿ ಮಲ್ಲಿಗೆ ಹೂವಿನ ನಿಜವಾದ ವಿವರವನ್ನು ಬಿಡುತ್ತದೆ. ಇಂಥ ಫೋಟೊಗಳಿಗೆ ಮೊದಲು ಕಾಳು ತಗ್ಗಿಸಿ, ಆಮೇಲೆ ಚಿಕ್ಕದು ಮಾಡಿ.

ಹಂತ 1: ಫೋಟೊ ಯಾವುದಕ್ಕೆ ಅಂತ ತೀರ್ಮಾನಿಸಿ

ಬರೀ ಫೋನಿನಲ್ಲಿ ನೋಡಿ ಲೈಕ್ ಒತ್ತೋಕಾದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ. ಮಾಮೂಲಿ ಹಾಗೆ ಕಳಿಸಿ. ಪ್ರಿಂಟ್, ಆಲ್ಬಮ್, ದೊಡ್ಡ ಟಿವಿ, ಅಥವಾ ಮಕ್ಕಳ ಕಾಲಕ್ಕೂ ಉಳಿಯಬೇಕು ಅನ್ನುವಂಥದ್ದಾದರೆ ಮಾತ್ರ ಮೂಲ ಕಡತ ಬೇಕು.

ಲೆಕ್ಕ ಸುಲಭ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಚೆಂದ. 4×6 ಇಂಚಿನ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು. 12×18 ಇಂಚಿಗೆ 3600×5400 ಬೇಕು. ಮದುವೆ ಆಲ್ಬಮ್‌ನ 12×36 ಇಂಚಿನ ಜೋಡಿಪುಟಕ್ಕೆ 3600×10800.

ಫೋನಿನ 12 ಮೆಗಾಪಿಕ್ಸೆಲ್ ಫೋಟೊ ಸುಮಾರು 4000×3000 ಇರುತ್ತದೆ. ಅದನ್ನು 18 ಇಂಚು ಅಗಲಕ್ಕೆ ಪ್ರಿಂಟ್ ಹಾಕಿದರೆ ಇಂಚಿಗೆ 222 ಪಿಕ್ಸೆಲ್ ಸಿಗುತ್ತದೆ. ಗೋಡೆಗೆ ತೂಗುಹಾಕೋಕೆ ಧಾರಾಳ. ಅದೇ ಫೋಟೊ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಹೋದರೆ ಉದ್ದದ ಬದಿ ಸುಮಾರು 1600ಕ್ಕೆ ಇಳಿಯುತ್ತದೆ. ಈಗ 18 ಇಂಚಿಗೆ ಹಾಕಿದರೆ ಇಂಚಿಗೆ 89 ಮಾತ್ರ. ಅತ್ತೆಯ ರೇಷ್ಮೆ ಸೀರೆಯ ಜರಿ ಅಂಚು ಹಳದಿ ಪಟ್ಟಿಯಾಗುತ್ತದೆ. 4×6ಕ್ಕಾದರೆ ಇದೇ ಪ್ರತಿಯಿಂದ ಇಂಚಿಗೆ 267 ಬರುತ್ತದೆ, ಏನೂ ತೊಂದರೆಯಿಲ್ಲ. ಹಾಗಾಗಿ ‘ವಾಟ್ಸಾಪ್ ಫೋಟೊ ಪ್ರಿಂಟಿಗೆ ಆಗಲ್ಲ’ ಅನ್ನೋದು ಪೂರ್ತಿ ನಿಜವಲ್ಲ. ಎಷ್ಟು ದೊಡ್ಡ ಪ್ರಿಂಟ್ ಅನ್ನೋದೇ ಪ್ರಶ್ನೆ.

ಹಂತ 2: ತೆಗೆಯುವಾಗಲೇ ಸರಿ ಮಾಡಿಕೊಳ್ಳಿ

ಕ್ಯಾಮೆರಾ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಫೋಟೊ ಗಾತ್ರ ಅತಿ ದೊಡ್ಡದಕ್ಕೆ ಇದೆಯಾ ನೋಡಿ. 4:3 ಅನುಪಾತದಲ್ಲೇ ತೆಗೆಯಿರಿ. ಫೋನುಗಳ ಸೆನ್ಸರ್ ಆಕಾರ ಸಾಮಾನ್ಯವಾಗಿ ಅದೇ. 16:9 ಆಯ್ದುಕೊಂಡರೆ ಮೇಲೆ ಕೆಳಗೆ ಕತ್ತರಿಸಿ ಕೊಡುತ್ತದೆ, ಅಷ್ಟೆ. ಎರಡು ಬೆರಳಲ್ಲಿ ಎಳೆದು ಜೂಮ್ ಮಾಡುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ. ಲೆನ್ಸನ್ನು ಅಂಗಿಯ ತುದಿಯಿಂದಾದರೂ ಒರೆಸಿ. ಸಿಲ್ಕ್ ಬೋರ್ಡ್ ಕಡೆಯ ಧೂಳೂ ಕೈಬೆರಳ ಎಣ್ಣೆಯೂ ಸೇರಿದರೆ ಯಾವ ಸೆಟ್ಟಿಂಗೂ ಕಾಪಾಡದು.

ಐಫೋನ್ ಇರುವವರಿಗೆ ಒಂದು ಮಾತು. 2017ರ ಐಒಎಸ್ 11ರಿಂದ ಈಚೆಗೆ ಐಫೋನುಗಳು ಎಚ್‌ಇಐಸಿ ಎಂಬ ಬಗೆಯಲ್ಲಿ ಸೇವ್ ಮಾಡುತ್ತವೆ. ಗುಣಮಟ್ಟ ಒಳ್ಳೆಯದು, ಕಡತ ಚಿಕ್ಕದು. ಆದರೆ ಸ್ಟುಡಿಯೋದ ಹಳೆ ಕಂಪ್ಯೂಟರಿನಲ್ಲಿ ತೆರೆಯದೇ ಹೋಗಬಹುದು. ಪ್ರಿಂಟಿಗೆ ಕೊಡುವುದೇ ಜಾಸ್ತಿ ಅಂತಾದರೆ ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ. ಆಗ ಜೆಪೆಗ್ ಆಗಿಯೇ ಬರುತ್ತದೆ.

ಹಂತ 3: ಮೂಲವನ್ನು ಮುಟ್ಟದೆ ಎತ್ತಿಡಿ

ಹಂಚುವ ಮೊದಲು ಮೂಲ ಕಡತಗಳ ಒಂದು ಪ್ರತಿ ಬೇರೆಡೆ ಇರಲಿ. ಕಂಪ್ಯೂಟರ್, ಹಾರ್ಡ್ ಡಿಸ್ಕ್, ಕ್ಲೌಡ್, ಎಲ್ಲಾದರೂ ಸರಿ. ಎಡಿಟ್ ಮಾಡುವುದಿದ್ದರೆ ಪ್ರತಿಯ ಮೇಲೆ ಮಾಡಿ, ಹೆಸರು ಬದಲಿಸಿ ಸೇವ್ ಮಾಡಿ.

ಇಲ್ಲಿ ಗೂಗಲ್ ಫೋಟೋಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬ್ಯಾಕಪ್ ಗುಣಮಟ್ಟದಲ್ಲಿ ‘ಒರಿಜಿನಲ್ ಕ್ವಾಲಿಟಿ’ ಮತ್ತು ‘ಸ್ಟೋರೇಜ್ ಸೇವರ್’ ಅಂತ ಎರಡಿವೆ. ಎರಡನೆಯದು ಫೋಟೊವನ್ನು ಹಿಂಡುತ್ತದೆ (ಅಂದರೆ ವಿವರ ಬಿಸಾಡಿ ಕಡತ ಚಿಕ್ಕದು ಮಾಡುತ್ತದೆ), 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದಿದ್ದರೆ ಅಷ್ಟಕ್ಕೆ ಇಳಿಸುತ್ತದೆ. 2021ರ ಜೂನ್ 1ರಿಂದ ಎರಡೂ 15 ಜಿಬಿ ಉಚಿತ ಜಾಗದಿಂದಲೇ ಕಳೆಯುತ್ತವೆ, ಆ ಜಾಗದಲ್ಲಿ ಜಿಮೇಲ್ ಮತ್ತು ಡ್ರೈವ್ ಕೂಡ ಪಾಲುದಾರರು. ಅಪಾಯ ಇರುವುದು ಮುಂದೆ. ಸ್ಟೋರೇಜ್ ಸೇವರ್ ಹಾಕಿಕೊಂಡು ‘ಫ್ರೀ ಅಪ್ ಸ್ಪೇಸ್’ ಒತ್ತಿದರೆ ಫೋನಿನ ಮೂಲ ಅಳಿಸಿಹೋಗುತ್ತದೆ. ಕ್ಲೌಡ್‌ನಲ್ಲಿ ಉಳಿಯುವುದು ಹಿಂಡಿದ ಪ್ರತಿ. ಆಮೇಲೆ ಮೂಲ ಎಲ್ಲೂ ಇಲ್ಲ. ಫೋನ್ ತುಂಬಿತು ಅಂತ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತ ಒತ್ತಿಬಿಡುವ ಬಟನ್ ಅದು. ಒತ್ತುವ ಮೊದಲು ಬ್ಯಾಕಪ್ ಗುಣಮಟ್ಟ ಯಾವುದಿದೆ ಅಂತ ನೋಡಿ.

ಹಂತ 4: ಸರಿಯಾದ ದಾರಿಯಲ್ಲಿ ಕಳಿಸಿ

*ವಾಟ್ಸಾಪ್.* ಗ್ಯಾಲರಿ ಗುರುತು ಒತ್ತಿ ಕಳಿಸಿದರೆ ಹಿಂಡುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಖಂಡಿತ ವಾಸಿ, ಆದರೆ ಅದೂ ಮೂಲವಲ್ಲ. ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಅಂಡ್ ಡೇಟಾ’ ಒಳಗೆ ‘ಮೀಡಿಯಾ ಅಪ್‌ಲೋಡ್ ಕ್ವಾಲಿಟಿ’ಯನ್ನು ಎಚ್‌ಡಿಗೆ ಬದಲಿಸಿಟ್ಟರೆ ದಿನನಿತ್ಯಕ್ಕೆ ಸಾಕು. ಮೂಲವೇ ಹೋಗಬೇಕಾದರೆ ಅಂಟಿಸುವ ಪಿನ್ನಿನ ಗುರುತು ಒತ್ತಿ, ‘ಡಾಕ್ಯುಮೆಂಟ್’ ಆರಿಸಿ, ಅಲ್ಲಿಂದ ಫೋಟೊ ಹುಡುಕಿ ಕಳಿಸಿ. ಒಂದು ಕಡತ 2 ಜಿಬಿವರೆಗೆ ಇರಬಹುದು. ಹೀಗೆ ಹೋದದ್ದು ಒಂದು ಬೈಟೂ ಬದಲಾಗದೆ ತಲುಪುತ್ತದೆ.

ಬಂದ ಫೋಟೊವನ್ನು ಇನ್ನೊಬ್ಬರಿಗೆ ಕೊಡುವಾಗ ‘ಫಾರ್ವರ್ಡ್’ ಒತ್ತಿ. ಗ್ಯಾಲರಿಯಲ್ಲಿ ಸೇವ್ ಮಾಡಿ ಮತ್ತೆ ಹೊಸದಾಗಿ ಕಳಿಸಿದರೆ ಮತ್ತೊಂದು ಸುತ್ತು ಹಿಂಡುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿ ಬರುವುದು ನಿಮ್ಮ ಫೋನ್ ಪರದೆಯಲ್ಲಿ ಕಂಡಷ್ಟು ಪಿಕ್ಸೆಲ್ ಮಾತ್ರ. ಜೊತೆಗೆ ಮೇಲ್ಗಡೆ ಬ್ಯಾಟರಿ 14% ಅನ್ನೋದೂ ಆಲ್ಬಮ್‌ಗೆ ಹೋಗುತ್ತದೆ.

*ಟೆಲಿಗ್ರಾಂ.* ಇಲ್ಲೂ ಅದೇ ಕಥೆ. ಫೋಟೊ ಆಗಿ ಕಳಿಸಿದರೆ ಹಿಂಡುತ್ತದೆ, ‘ಫೈಲ್’ ಆಗಿ ಕಳಿಸಿದರೆ ಇಲ್ಲ.

*ಲಿಂಕ್.* ಮದುವೆ, ಗೃಹಪ್ರವೇಶ, ಟ್ರಿಪ್ಪು ಅಂತ ಐವತ್ತು ನೂರು ಫೋಟೊ ಇದ್ದರೆ ಡಾಕ್ಯುಮೆಂಟ್ ಆಗಿ ಸುರಿಯಬೇಡಿ, ಗ್ರೂಪಿನವರು ಶಾಪ ಹಾಕುತ್ತಾರೆ. ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಮೂಲಗಳನ್ನು ಏರಿಸಿ. ಡ್ರೈವ್ ಕಡತವನ್ನು ಹಾಗೇ ಇಡುತ್ತದೆ. ಶೇರ್‌ನಲ್ಲಿ ‘ಎನಿವನ್ ವಿತ್ ದಿ ಲಿಂಕ್’ ಅಂತ ಕೊಟ್ಟು ‘ವ್ಯೂವರ್’ ಅಂತಲೇ ಬಿಡಿ. ‘ಎಡಿಟರ್’ ಕೊಟ್ಟರೆ ಯಾರೋ ಸೋದರಮಾವ ತಮಗೆ ಬೇಡವೆನಿಸಿದ್ದನ್ನು ಎಲ್ಲರ ಪಾಲಿಗೂ ಅಳಿಸಿಬಿಡಬಹುದು.

ಪಡೆಯುವವರು ಎಡವುವ ಜಾಗ ಒಂದಿದೆ. ಡ್ರೈವ್‌ನಲ್ಲಿ ತೆರೆದಾಗ ಕಾಣುವುದು ತೋರಿಕೆಗೆ ಮಾಡಿದ ಚಿಕ್ಕ ಪ್ರತಿ. ಅದನ್ನೇ ಸ್ಕ್ರೀನ್‌ಶಾಟ್ ಹೊಡೆದುಕೊಂಡು ‘ಮಸುಕಾಗಿದೆ’ ಅನ್ನುತ್ತಾರೆ. ‘ಮೂರು ಚುಕ್ಕಿ ಒತ್ತಿ ಡೌನ್‌ಲೋಡ್ ಮಾಡಿ’ ಅಂತ ಲಿಂಕಿನ ಜೊತೆಗೇ ಬರೆದುಬಿಡಿ.

ಇನ್ನೊಂದು ವಿಷಯ. ನಮ್ಮ ಮನೆಗಳ ಹಿರಿಯರು ಬ್ಯಾಂಕ್ ಮೋಸದ ಸುದ್ದಿ ಓದಿ ಓದಿ ಯಾವ ಲಿಂಕನ್ನೂ ಒತ್ತುವುದಿಲ್ಲ. ಅವರು ಮಾಡುವುದೇ ಸರಿ. ಹಾಗಾಗಿ ಹತ್ತು ಒಳ್ಳೆ ಫೋಟೊ ಆರಿಸಿ ಮಾಮೂಲಿಯಾಗಿ ಗ್ರೂಪಿಗೆ ಹಾಕಿ, ಲಿಂಕನ್ನು ಬೇಕಾದವರಿಗೆ ಫೋನ್ ಮಾಡಿ ಹೇಳಿ ಕಳಿಸಿ. ದೊಡ್ಡಮ್ಮನಿಗೆ ಹತ್ತು ಸಾಕು. ಆಲ್ಬಮ್ ಮಾಡಿಸುವ ತಂಗಿಗೆ ಎಲ್ಲವೂ ಬೇಕು.

*ಮೇಲ್.* ಜಿಮೇಲ್‌ನಲ್ಲಿ 25 ಎಂಬಿ ಮಿತಿ. ನಾಲ್ಕೈದು ಫೋಟೊಗೆ ಸರಿ. ಐಫೋನಿನ ಮೇಲ್ ಆ್ಯಪ್ ಗಾತ್ರ ಕೇಳಿದರೆ ‘ಆ್ಯಕ್ಚುಯಲ್ ಸೈಜ್’ ಒತ್ತಿ.

*ಎದುರಿಗೇ ಇದ್ದರೆ.* ಆಂಡ್ರಾಯ್ಡ್‌ಗಳ ನಡುವೆ ಕ್ವಿಕ್ ಶೇರ್, ಐಫೋನುಗಳ ನಡುವೆ ಏರ್‌ಡ್ರಾಪ್. ಇಂಟರ್‌ನೆಟ್ ಡೇಟಾ ಖರ್ಚಿಲ್ಲ, ಮೂಲವೇ ಹೋಗುತ್ತದೆ. ಕಲ್ಯಾಣಮಂಟಪದಿಂದ ಎಲ್ಲರೂ ಚದುರುವ ಮೊದಲು, ಊಟದ ಪಂಕ್ತಿಗೆ ಕಾಯುವಾಗ ಮುಗಿಸಿಬಿಡಬಹುದು. ಆಮೇಲೆ ಕೇಳಿದರೆ ಯಾರೂ ಕಳಿಸಲ್ಲ, ಅಲ್ವಾ?

*ಪೆನ್‌ಡ್ರೈವ್.* ಫೋಟೊ ಲ್ಯಾಬಿಗೆ ಕೊಡಲು ಈಗಲೂ ಇದೇ ನಿಶ್ಚಿಂತೆ. ಎಲ್ಲ ಫೋಟೊ ಸೇರಿಸಿ ಒಂದೇ ಜಿಪ್ ಮಾಡಿದ್ದರೆ, 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಕಡತವನ್ನು ಫ್ಯಾಟ್32 ಎಂಬ ಹಳೆ ಬಗೆಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಒಪ್ಪುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಆದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಅನ್ನೋದು ನೆನಪಿರಲಿ. ಎಸ್‌ಪಿ ರಸ್ತೆಯಲ್ಲಿ ಮೆಮೊರಿ ಕಾರ್ಡು, ಪೆನ್‌ಡ್ರೈವ್ ಕೊಳ್ಳುವುದಾದರೆ ಬಿಲ್ ಕೇಳಿ ತೆಗೆದುಕೊಳ್ಳಿ. ಮನೆಗೆ ಬಂದ ಮೇಲೆ ಅದರ ತುಂಬ ಏನಾದರೂ ಕಡತ ತುಂಬಿಸಿ, ಎಲ್ಲವೂ ಸರಿಯಾಗಿ ತೆರೆಯುತ್ತವಾ ನೋಡಿ. ನಕಲಿ ಕಾರ್ಡುಗಳು ಹೊರಗೆ ಬರೆದಷ್ಟು ಜಾಗ ಇದೆ ಅಂತ ತೋರಿಸುತ್ತವೆ, ನಿಜವಾದ ಜಾಗ ಮುಗಿದ ಮೇಲೆ ಬಂದ ಫೋಟೊಗಳನ್ನು ನುಂಗಿಹಾಕುತ್ತವೆ.

ಹಂತ 5: ಎಲ್ಲರೂ ನೋಡುವಲ್ಲಿ ಹಾಕುವುದಾದರೆ ನೀವೇ ಚಿಕ್ಕದು ಮಾಡಿ

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗೆ ಮೂಲ ಏರಿಸಿದರೂ ಅವು ಮೂಲ ತೋರಿಸುವುದಿಲ್ಲ. ಅವುಗಳ ಕೈಗೆ 4000 ಪಿಕ್ಸೆಲ್ ಕೊಟ್ಟು ಹೇಗೋ ಇಳಿಸಲು ಬಿಡುವ ಬದಲು, ಅವರಿಗೆ ಬೇಕಾದ ಅಳತೆಗೆ ನೀವೇ ನಾಜೂಕಾಗಿ ಇಳಿಸಿ ಕೊಡಿ. ಇನ್‌ಸ್ಟಾಗ್ರಾಂಗೆ ಅಗಲ 1080. ಉದ್ದನೆಯ ಫೋಟೊ ಆದರೆ 1080×1350 ಒಳ್ಳೆ ಅಳತೆ. ಫೇಸ್‌ಬುಕ್‌ಗೆ ಅಗಲ 2048.

ಕೆಲಸದ ಕ್ರಮ ಮುಖ್ಯ. ಮೊದಲು ಕತ್ತರಿಸಿ. ಆಮೇಲೆ ಬೆಳಕು, ಬಣ್ಣ ಸರಿಮಾಡಿ. ಆಮೇಲೆ ಒಂದೇ ಏಟಿಗೆ ಬೇಕಾದ ಅಳತೆಗೆ ಇಳಿಸಿ. ಇಳಿಸಿದಾಗ ಅಂಚುಗಳು ಕೊಂಚ ಮೆತ್ತಗಾಗುತ್ತವೆ, ಅದಕ್ಕೆ ಕೊನೆಯಲ್ಲಿ ಸ್ವಲ್ಪವೇ ಸ್ವಲ್ಪ ಶಾರ್ಪನ್ ಮಾಡಿ. ಮರದ ಕೊಂಬೆಯ ಸುತ್ತ ಬಿಳಿ ಗೆರೆ ಕಂಡರೆ ಜಾಸ್ತಿಯಾಯಿತು ಅಂತ ಅರ್ಥ. ಕಬ್ಬನ್ ಪಾರ್ಕಿನ ಗುಲಾಬಿ ಟಬೂಬಿಯಾ ಹೂಗಳನ್ನು ಆಕಾಶದ ಎದುರು ತೆಗೆದಾಗ ಈ ಬಿಳಿ ಗೆರೆ ಬೇಗ ಬರುತ್ತದೆ.

ಸೇವ್ ಮಾಡುವಾಗ ಜೆಪೆಗ್ ಗುಣಮಟ್ಟ 85ರಿಂದ 90 ಇಡಿ. 95 ದಾಟಿದರೆ ಕಡತ ದಪ್ಪವಾಗುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಬಣ್ಣದ ಬಗೆ (ಕಲರ್ ಸ್ಪೇಸ್) ಎಸ್‌ಆರ್‌ಜಿಬಿ ಇರಲಿ. ದೊಡ್ಡ ಕ್ಯಾಮೆರಾದವರು ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಬಗೆಯಲ್ಲಿ ಬಿಟ್ಟು ಏರಿಸಿದರೆ ಕೆಲವು ಪರದೆಗಳಲ್ಲಿ ಬಣ್ಣ ಸಪ್ಪೆಯಾಗಿ ಕಾಣುತ್ತದೆ. ಜಿಂಪ್ ಎಂಬುದು ಚಿತ್ರ ತಿದ್ದುವ ಉಚಿತ ತಂತ್ರಾಂಶ. ಅದರಲ್ಲಿ ಜೆಪೆಗ್ ಎಕ್ಸ್‌ಪೋರ್ಟ್ ಮಾಡುವಾಗ ಮುಂದುವರಿದ ಆಯ್ಕೆಗಳಲ್ಲಿ ‘ಸಬ್‌ಸ್ಯಾಂಪ್ಲಿಂಗ್’ ಅಂತ ಇದೆ. ಅದನ್ನು 4:4:4ಕ್ಕೆ ಬದಲಿಸಿದರೆ ಆ ಕೆಂಪು ಗುಲಾಬಿಯ ಬಣ್ಣದ ವಿವರ ಅರ್ಧವಾಗದೆ ಉಳಿಯುತ್ತದೆ. ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ಮುಗಿಸಬೇಕಾದರೆ ಸ್ಕ್ವೂಶ್ ಎಂಬ ವೆಬ್‌ಸೈಟ್ ನೋಡಿ. ಫೋಟೊ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಮೂಲವನ್ನೂ ಹಿಂಡಿದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ.

ಮೂಲ ಗಾತ್ರದಲ್ಲೇ ಜಗತ್ತಿಗೆ ಕೊಡಬೇಕು ಅನಿಸಿದರೆ ವಿಕಿಪೀಡಿಯಕ್ಕೂ ಚಿತ್ರ ಒದಗಿಸುವ ಮುಕ್ತ ಭಂಡಾರ ವಿಕಿಮೀಡಿಯ ಕಾಮನ್ಸ್ ಇದೆ. ನೀವೇ ತೆಗೆದ ಫೋಟೊವನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟರೆ ಏರಿಸಿದ ಕಡತ ಹಾಗೇ ಉಳಿಯುತ್ತದೆ. ನಮ್ಮ ಬಡಾವಣೆಯ ಹಳೆ ಗುಡಿ, ಕೆರೆ, ವೀರಗಲ್ಲುಗಳ ಫೋಟೊಗೆ ಇದಕ್ಕಿಂತ ಒಳ್ಳೆ ಜಾಗ ನನಗಂತೂ ಕಂಡಿಲ್ಲ.

ಹಂತ 6: ಮೂಲದೊಳಗೆ ನಿಮ್ಮ ಮನೆ ವಿಳಾಸವೂ ಇರಬಹುದು

ಮೂಲ ಕಡತದ ಹೊಟ್ಟೆಯಲ್ಲಿ ಎಕ್ಸಿಫ್ ಅನ್ನುವ ಮಾಹಿತಿ ಇರುತ್ತದೆ. ತೆಗೆದ ದಿನ, ಹೊತ್ತು, ಫೋನ್ ಯಾವುದು, ಲೊಕೇಶನ್ ಆನ್ ಇದ್ದರೆ ತೆಗೆದ ಜಾಗ ಕೂಡ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಹೋದ ಫೋಟೊದಿಂದ ಇದು ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಹೋದರೆ ಎಲ್ಲವೂ ಜೊತೆಗೇ ಹೋಗುತ್ತದೆ. ಮನೆಯವರಿಗಾದರೆ ಇದು ಲಾಭವೇ, ಮುಂದೆ ಯಾವ ವರ್ಷದ್ದು ಅಂತ ಜಗಳ ಇರುವುದಿಲ್ಲ. ಹಳೆ ಮಂಚ ಮಾರೋಕೆ ಅಪರಿಚಿತರಿಗೆ ಕಳಿಸುವ ಫೋಟೊಗೆ ಬೇಡ.

ಐಫೋನಿನಲ್ಲಿ ಶೇರ್ ಒತ್ತಿದಾಗ ಮೇಲೆ ಕಾಣುವ ‘ಆಪ್ಷನ್ಸ್’ನಲ್ಲಿ ಲೊಕೇಶನ್ ತೆಗೆಯಬಹುದು. ವಿಂಡೋಸ್‌ನಲ್ಲಿ ಕಡತದ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನ ಕೆಳಗೆ ಮಾಹಿತಿ ಅಳಿಸುವ ಆಯ್ಕೆ ಇದೆ. ಎರಡರಲ್ಲೂ ಚಿತ್ರದ ಗುಣಮಟ್ಟಕ್ಕೆ ಏನೂ ಆಗುವುದಿಲ್ಲ. ಗೂಡಿನಲ್ಲಿರುವ ಹಕ್ಕಿ, ನಗರದ ಹಳೆ ಮರಗಳಲ್ಲಿ ಇನ್ನೂ ಉಳಿದಿರುವ ಕಾಡುಪಾಪ, ಇಂಥವುಗಳ ಫೋಟೊ ಹಂಚುವಾಗ ಜಾಗದ ಮಾಹಿತಿಯನ್ನು ಕಡ್ಡಾಯವಾಗಿ ತೆಗೆಯಿರಿ.

ಹಂತ 7: ತಲುಪಿದ್ದು ಮೂಲವೇನಾ ನೋಡಿ

ಫೋಟೊದ ಡೀಟೇಲ್ಸ್ ತೆರೆದು ಎರಡು ಸಂಖ್ಯೆ ಹೊಂದಿಸಿ: ಪಿಕ್ಸೆಲ್ ಅಳತೆ ಮತ್ತು ಕಡತದ ಎಂಬಿ. ನಿಮ್ಮಲ್ಲಿ 4000×3000, 4.2 ಎಂಬಿ ಇದ್ದು ಅವರಲ್ಲೂ ಅಷ್ಟೇ ಇದ್ದರೆ ಸರಿ. ಅಳತೆ ಒಂದೇ ಇದ್ದು ಎಂಬಿ ಮಾತ್ರ ಇಳಿದಿದ್ದರೆ ನಡುವೆ ಎಲ್ಲೋ ಹಿಂಡಿದ್ದಾರೆ. ಕಡತದ ಹೆಸರೂ ಸುಳಿವು ಕೊಡುತ್ತದೆ. ಆಂಡ್ರಾಯ್ಡ್‌ನಲ್ಲಿ ಹೆಸರು ಐಎಂಜಿ, ತಾರೀಖು, ಆಮೇಲೆ ‘ಡಬ್ಲ್ಯುಎ’ ಅಂತ ಅಕ್ಷರ ಮತ್ತು ಅಂಕಿ ಇದ್ದರೆ ಅದು ವಾಟ್ಸಾಪ್ ಪ್ರತಿ. ಲ್ಯಾಬಿಗೆ ಕೊಡುವ ಫೋಲ್ಡರಿನಲ್ಲಿ ಆ ಅಕ್ಷರ ಇರುವವನ್ನು ಹುಡುಕಿ ಬೇರೆ ಮಾಡಿ, ತೆಗೆದವರಿಂದ ಮೂಲ ಕೇಳಿ.

ಮೂಲ ಸಿಗದೇ ಹೋದರೆ

ಮೊದಲು ತೆಗೆದವರ ಫೋನಿನ ಡಿಸಿಐಎಂ ಫೋಲ್ಡರಿನ ಕ್ಯಾಮೆರಾ ವಿಭಾಗ ನೋಡಿಸಿ. ವಾಟ್ಸಾಪ್‌ನ ‘ಸೆಂಟ್’ ಫೋಲ್ಡರಿನಲ್ಲಿ ಇರುವುದು ಹಿಂಡಿದ ಪ್ರತಿಯೇ, ಅದರಿಂದ ಉಪಯೋಗವಿಲ್ಲ. ಆಮೇಲೆ ಅವರ ಗೂಗಲ್ ಫೋಟೋಸ್ ಅಥವಾ ಐಕ್ಲೌಡ್. ಹಳೆ ಫೋನು ಡ್ರಾಯರಿನಲ್ಲಿ ಬಿದ್ದಿದ್ದರೆ ಚಾರ್ಜ್ ಹಾಕಿ ನೋಡಿ.

ಎಲ್ಲೂ ಇಲ್ಲವೆಂದರೆ ಚಿತ್ರ ಹಿಗ್ಗಿಸುವ ಎಐ ಆ್ಯಪ್‌ಗಳ ಕಡೆ ಕೈ ಹೋಗುತ್ತದೆ. ಬೀಸಿದ ಹಿಟ್ಟಿನಿಂದ ರಾಗಿ ಕಾಳು ವಾಪಸ್ ಬರುವುದಿಲ್ಲ. ಆ ಆ್ಯಪ್‌ಗಳು ಹೋದ ವಿವರವನ್ನು ತರುವುದಿಲ್ಲ, ಹೀಗಿದ್ದಿರಬಹುದು ಅಂತ ಹೊಸದಾಗಿ ಬಿಡಿಸುತ್ತವೆ. ಹೂವು, ಬೆಟ್ಟ, ಕಟ್ಟಡಕ್ಕೆ ನಡೆಯುತ್ತದೆ. ಅಜ್ಜಿಯ ಮುಖಕ್ಕೆ ಬೇಡ, ಸುಕ್ಕು ಮಾಯವಾಗಿ ಯಾರೋ ಬೇರೆ ಹೆಂಗಸು ಕೂತಿರುತ್ತಾಳೆ. ಅದರ ಬದಲು ಇರುವ ಚಿಕ್ಕ ಪ್ರತಿಯನ್ನೇ 4×6ಕ್ಕೆ ಪ್ರಿಂಟ್ ಹಾಕಿಸಿ, ಸುತ್ತ ಅಗಲವಾದ ಬಿಳಿ ಅಂಚು ಬಿಟ್ಟು ದೊಡ್ಡ ಚೌಕಟ್ಟಿನಲ್ಲಿ ಕೂರಿಸಿ. ಅಂಥ ಹಳೆ ಕಾಗದದ ಪ್ರಿಂಟೇ ಮನೆಯಲ್ಲಿದ್ದರೆ ಫೋನಿನಲ್ಲಿ ಫೋಟೊ ಹೊಡೆಯಬೇಡಿ. ಸ್ಕ್ಯಾನರ್ ಇರುವ ಕಡೆ ಇಂಚಿಗೆ 600 ಪಿಕ್ಸೆಲ್‌ನಲ್ಲಿ ಸ್ಕ್ಯಾನ್ ಮಾಡಿಸಿ. 4×6ರ ಪ್ರಿಂಟಿನಿಂದ 2400×3600 ಸಿಗುತ್ತದೆ, ಅಷ್ಟಿದ್ದರೆ 8×12 ಪ್ರಿಂಟಿಗೂ ಸಾಲುತ್ತದೆ.